ಭಾವ ಕಟ್ಟಿದ ಬಚ್ಚಲು

ನಮ್ಮ ಭಾವನವರ ಎಡಗೈ ಹೆಬ್ಬೆರಳಿನ ಉಗುರು ಯಾವತ್ತೂ ಕಪ್ಪಾಗಿರುತ್ತಿತ್ತು. ಹಳೆಯದು ಉದುರಿ ಹೊಸದು ಮೂಡುವುದರೊಳಗೆ ಅದರ ಮೇಲೆ ಮತ್ತೊಂದು ಸುತ್ತಿಗೆಯ ಏಟು ಬಿದ್ದಿರುತ್ತಿತ್ತು. ಊಟಕ್ಕೆ ಕುಳಿತಾಗ ಆ ಬೆರಳನ್ನು ತಾಟಿನ ಅಂಚಿಗೆ, ಎಲ್ಲರಿಗೂ ಕಾಣುವಂತೆ ಇಟ್ಟುಕೊಳ್ಳುತ್ತಿದ್ದರು. ರೊಟ್ಟಿ ನೀಡಲು ಬಂದ ನಾನು ನೋಡದವಳಂತೆ ಹೋದರೆ ತಾವೇ ಕರೆದು, "ಕೆಲಸಾ ಮಾಡೋ ಕೈ ನೋಡವಾ ಇದು" ಎನ್ನುತ್ತಿದ್ದರು. ನನ್ನ ತವರಿನ ಮಗ್ಗುಲಲ್ಲೇ ಬಡಿಗೇರ ಮನೆ ಇತ್ತು. ಎಂಬತ್ತು ದಾಟಿದ ಆ ಮನೆಯ ಮುದುಕ ಬಡಿಗನ ಹತ್ತೂ ಉಗುರುಗಳು ಸ್ವಚ್ಛವಾಗಿದ್ದವು. ಕೆಲಸ ಬಲ್ಲವರ ಕೈ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಭಾವನವರಿಗೆ ಹೇಳಲಿಲ್ಲ, ಅಷ್ಟೆ.

ಅವರು ನನ್ನ ಯಜಮಾನರ ಅಣ್ಣ. ಹೊಲ ಅಳೆಯುವ ಮೋಜಣಿದಾರರಾಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಬೈಲಹೊಂಗಲದ ಹಳೆಯ ಓಣಿಯ ಈ ಮನೆಗೆ, ನಮ್ಮೊಡನೆ ಇರಲು ಬಂದರು. ಸವದತ್ತಿಯಿಂದ ರಾಮದುರ್ಗದ ತನಕ ಊರವರ ಹೊಲದ ಗಡಿಯ ಬಾಂದುಕಲ್ಲು ಹುಡುಕಿಕೊಟ್ಟ ಮನುಷ್ಯನಿಗೆ ಎರಡು ಹಲಗೆಗಳನ್ನು ನೆಟ್ಟಗೆ ಕೂಡಿಸಲು ಬರುತ್ತಿರಲಿಲ್ಲ. ಬಂದ ಮೊದಲ ತಿಂಗಳು ನನ್ನ ಅಡಿಗೆಮನೆಯಲ್ಲೊಂದು ಹಲಗೆ ಬಡಿದರು. ಅದರ ಮೇಲಿಟ್ಟ ಎಣ್ಣೆಯ ಡಬ್ಬಿ ತಾನಾಗಿ ಒಲೆಯ ಕಡೆ ನಡೆದು ಬರುತ್ತಿತ್ತು. ಎರಡನೆಯ ತಿಂಗಳು ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿ ಕಟ್ಟಿದರು, ನನ್ನ ಕೊರಳಿಗೆ ಸರಿಯಾಗಿ. ಯಾವ ಕೆಲಸಕ್ಕಾದರೂ ಕೈ ಹಾಕುವ ಮೊದಲು ಸೊಂಟದ ಮೇಲೆ ಕೈಯಿಟ್ಟು, "ಇದರಾಗೇನೈತಿ?" ಎನ್ನುವುದು ರೂಢಿ. ಆ ಮಾತು ಕೇಳಿದರೆ ಸಾಕು, ನಾನು ಆ ಜಾಗದಿಂದ ಗಾಜಿನ ಸಾಮಾನುಗಳನ್ನು ಎತ್ತಿಡುತ್ತಿದ್ದೆ.

ಇವೆಲ್ಲ ನಗುವ ಸಂಗತಿಗಳೇ. ಆದರೆ ನಮ್ಮ ಅತ್ತೆಯವರ ಬಚ್ಚಲಿನ ವಿಷಯದಲ್ಲಿ ನನಗೆ ನಗು ಬರಲಿಲ್ಲ.

ಹಳೆಯ ಬಚ್ಚಲು ಹಿತ್ತಲಲ್ಲಿತ್ತು, ನಾಲ್ಕು ಮೆಟ್ಟಿಲು ಇಳಿದು ಹೋಗಬೇಕು. ಆ ಮೆಟ್ಟಿಲ ಮೇಲೆಯೇ ಅತ್ತೆ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಬೆಳಗಾವಿಯಲ್ಲಿ ರಾಡ್ ಹಾಕಿ ಕಳಿಸಿದರು. ಮನೆಗೆ ಬಂದ ಮೇಲೆ ವಾಕರ್ ಹಿಡಿದು ಪಡಸಾಲೆಯಲ್ಲಿ ಹತ್ತು ಹೆಜ್ಜೆ ನಡೆಯುವಷ್ಟಾದರು. ಮೆಟ್ಟಿಲು ಇಳಿಯುವಂತಿರಲಿಲ್ಲ. ಅವರೋ ಜಳಕ ಮಾಡಿ ಲಿಂಗಪೂಜೆ ಮುಗಿಸದೆ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುವವರಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಪಡಸಾಲೆಯ ಒಂದು ಕಡೆ ಪರದೆ ಕಟ್ಟಿ, ಮಣೆಯ ಮೇಲೆ ಕೂರಿಸಿ, ನಾನೇ ಮೈ ತೊಳೆಯುತ್ತಿದ್ದೆ. ಅಷ್ಟು ಹೊತ್ತೂ ಅವರು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಒಂದು ದಿನ ಕಣ್ಣು ತೆರೆಯದೆಯೇ ಹೇಳಿದರು: "ನಿನ್ನ ಕೈ ಮೆತ್ತಗ ಐತವಾ, ಅದಕ್ಕೇನಿಲ್ಲ. ಆದರ ನನ್ನ ಮೈ ನಾನ ತೊಳಕೋಬೇಕು. ಒಳಗಿಂದ ಚಿಲಕಾ ಹಾಕ್ಕೊಂಡು. ಸಾಯೂದರಾಗ ಅಷ್ಟ ಆದ್ರ ಸಾಕು."

ನನ್ನ ಯಜಮಾನರು ಮರುದಿನವೇ ಗಾರೆ ಕೆಲಸದ ಗೌಂಡಿಯನ್ನು ಕರೆತಂದರು. ಅವನು ಮಿತಭಾಷಿ. ಮನೆಯೆಲ್ಲ ತಿರುಗಿ, ಹಿಂದಿನ ಅಂಕಣದಲ್ಲಿ ನಿಂತು, "ಇಲ್ಲೇ ಮಾಡೂಣ್ರಿ. ಹೊರಗಿನ ಗ್ವಾಡಿ ಐತಿ, ನೀರ ಸರಳ ಹೋಗತೈತಿ, ಖಿಡಕೀನೂ ಆಗತೈತಿ. ಹದಿನೈದ ದಿನದ ಕೆಲಸ" ಎಂದ.

ಭಾವ ಪಡಸಾಲೆಯ ಮೂಲೆ ತೋರಿಸಿದರು. "ಇಲ್ಲಿ ಯಾಕ ಆಗಬಾರ್ದು? ಅವ್ವನ ಹಾಸಿಗಿಂದ ನಾಕ ಹೆಜ್ಜಿ."

ಗೌಂಡಿ ಹಾರೆಯ ಹಿಂಬದಿಯಿಂದ ಆ ನೆಲವನ್ನು ಎರಡು ಸಲ ಕುಟ್ಟಿ, ತಲೆ ಅಲ್ಲಾಡಿಸಿದ. "ಪೊಳ್ಳ ಸಪ್ಪಳಾ ಬರತೈತ್ರಿ ಸಾಹೇಬ್ರ."

ಹಾಸಿಗೆಯಲ್ಲಿದ್ದ ಅತ್ತೆ ಅಲ್ಲಿಂದಲೇ ಕೂಗಿದರು: "ಅಲ್ಲಿ ಹಗೇವು ಐತೋ ತಮ್ಮಾ! ನಾ ಸೊಸಿಯಾಗಿ ಬಂದಾಗ ಅದರಾಗಿಂದ ಜ್ವಾಳಾ ತಗದೇನಿ."

ಹಗೇವು ಎಂದರೆ ಜೋಳ ತುಂಬಿಡಲು ನೆಲದಡಿ ತೋಡಿದ ಕಣಜ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ನಮ್ಮ ಮಾವನವರ ಕಾಲದಲ್ಲಿ ಅದಕ್ಕೆ ಒಂದಿಷ್ಟು ಮಣ್ಣು ಸುರಿದು, ಬಾಯಿಗೆ ಚಪ್ಪಡಿ ಎಳೆದು, ಮೇಲೆ ನೆಲ ಮಾಡಿದ್ದರಂತೆ.

ಭಾವ ಒಳಗೆ ಹೋಗಿ ಒಂದು ಕಾಗದ ತಂದು ಹರವಿದರು. ಮನೆಯ ನಕಾಶೆ. ಹಗೇವಿನ ಗುರುತು ಆಚೆಯ ಕಂಬದ ಬುಡದಲ್ಲಿತ್ತು. "ನಕಾಶೆ ಸುಳ್ಳ ಹೇಳತೈತೇನು? ಅವ್ವಗ ವಯಸ್ಸಾಗೇತಿ, ಮರ್ತಾಳ." ಆ ನಕಾಶೆಯನ್ನು ಅವರೇ ಹಿಂದಿನ ವಾರ ಅಂಗಳದಲ್ಲಿ ಕುಳಿತು ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಐವತ್ತು ವರ್ಷ ಆ ನೆಲ ಸಾರಿಸಿದವಳ ಮಾತಿಗಿಂತ ಅವರಿಗೆ ತಮ್ಮ ಪೆನ್ಸಿಲ್ ಗೀಟು ದೊಡ್ಡದಾಯಿತು. ಗೌಂಡಿಗೆ, "ಹಾರಿ ಹಿಡದಾವ್ರೆಲ್ಲ ನನಗ ನೆಲಾ ಕಲಸ್ತೀರೇನು? ಹೋಗು, ನಾನ ಮಾಡ್ಕೋತೇನಿ" ಎಂದರು. ಅವನು ಹಾರೆ ಹೆಗಲಿಗಿಟ್ಟು ಹೊರಟುಹೋದ. ಅಣ್ಣನ ಎದುರು ಮಾತಾಡಿ ರೂಢಿಯಿಲ್ಲದ ನನ್ನ ಯಜಮಾನರು ಕ್ಯಾಲೆಂಡರ್ ನೋಡುತ್ತ ನಿಂತರು. ಆ ದಿನ ನನಗೆ ಅವರ ಮೇಲೂ ಸಿಟ್ಟು ಬಂತು.

ಪಡಸಾಲೆಯ ಮೂಲೆಗೆ ಹೊರಗಿನ ಗೋಡೆ ಇಲ್ಲ. ಅಲ್ಲಿ ಬಚ್ಚಲಾದರೆ ಬೆಳಕೂ ಇಲ್ಲ, ಹಬೆ ಹೋಗಲು ದಾರಿಯೂ ಇಲ್ಲ. ಮಾಡಿನಲ್ಲಿ ಒಂದು ಗಾಜಿನ ಹೆಂಚು ಕೂರಿಸಿದ್ದರೆ, ಪಕ್ಕದಲ್ಲೊಂದು ಕಿಂಡಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಭಾವ ಮೊಬೈಲಿನಲ್ಲಿ ಯಾವುದೋ ದೇಶದ ಮನೆಗಳನ್ನು ನೋಡಿದ್ದರು. ಇಳಿಜಾರು ಮಾಡಿನ ನಡುವೆ ಇನ್ನೊಂದು ಪುಟ್ಟ ಮಾಡು ಎದ್ದು ನಿಂತಿರುತ್ತದೆ, ಅದರ ಮುಖಕ್ಕೊಂದು ಕಿಟಕಿ. "ಡಾರ್ಮರ್ ಅಂತಾರ ಇದಕ. ಬೈಲಹೊಂಗಲದಾಗ ಯಾರ ಮನಿಗೂ ಇಲ್ಲ" ಎಂದರು. ಯಾರ ಮನೆಗೂ ಇಲ್ಲ ಎನ್ನುವುದೇ ಅವರಿಗೆ ದೊಡ್ಡ ಕಾರಣವಾಗಿತ್ತು.

ಹಾಗಾಗಿ ಅತ್ತೆಗೆ ಬೇಕಾದ ಬಚ್ಚಲು ಹಿಂದುಳಿಯಿತು, ಭಾವನವರಿಗೆ ಬೇಕಾದ ಮಾಡು ಮುಂದಾಯಿತು. ಹೆಂಚು ಇಳಿಸಿದರು. ಹೆಂಚು ಹೊರುವ ಎರಡು ಪಕಾಸಿ ಕೊಯ್ದರು, ಮೂರನೆಯದನ್ನು ತಪ್ಪಿ ಕೊಯ್ದು ಅದಕ್ಕೆ ತಗಡಿನ ಪಟ್ಟಿ ಬಡಿದರು. ದಿನಕ್ಕೆ ಎರಡು ತಾಸು ಏಣಿ ಹತ್ತುವುದು, ಉಳಿದ ಹೊತ್ತೆಲ್ಲ ಕೆಳಗೆ ನಿಂತು ತಲೆಯೆತ್ತಿ ನೋಡುವುದು. ಎರಡೂವರೆ ತಿಂಗಳು ಹೀಗೆ ನಡೆಯಿತು. ಎದುರು ಮನೆಯವಳು, "ಏನ್ರೀ ಅಕ್ಕಾರ, ಪಾರಿವಾಳಾ ಸಾಕಾವ್ರೇನು?" ಎಂದು ಕೇಳಿದಳು. ನಾನು ಮಾತ್ರ ದಿನಾ ಬೆಳಿಗ್ಗೆ ಪರದೆ ಕಟ್ಟುತ್ತಿದ್ದೆ. ಅತ್ತೆ ಕಣ್ಣು ಮುಚ್ಚುತ್ತಿದ್ದರು.

ಮೊದಲ ಅಡ್ಡಮಳೆಗೇ ಆ ಮಾಡಿನ ಬಂಡವಾಳ ತಿಳಿಯಿತು. ಚಿಕ್ಕ ಮಾಡು ದೊಡ್ಡದನ್ನು ಸೇರುವಲ್ಲಿ ಹಾಸಿದ ತಗಡುಗಳಲ್ಲಿ ಮೇಲಿನದನ್ನು ಕೆಳಗಿನದರ ಅಡಿಗೆ ಸಿಕ್ಕಿಸಿದ್ದರು. ಹರಿದ ನೀರೆಲ್ಲ ಒಳಗೇ ಬಂದು ನೇರ ಅತ್ತೆಯ ಹಾಸಿಗೆಯ ಮೇಲೆ ಸುರಿಯಿತು. ನಾವು ಹಾಸಿಗೆ ಎಳೆಯುವಷ್ಟರಲ್ಲಿ ಅವರ ತಲೆ, ಸೀರೆ ಎಲ್ಲ ತೊಯ್ದಿತ್ತು.

"ಜಳಕಾ ಮಾಡಸ್ತೇನಂದಿದ್ದಿ, ಮಾಡಿಸಿದಿ ನೋಡಪಾ" ಎಂದರು ಅತ್ತೆ.

"ಮಳೀ ಈ ಸಲ ಲಗೂನ ಬಂತವಾ" ಎಂದರು ಭಾವ. ತಪ್ಪು ಮಳೆಯದಾಯಿತು.

ಕೊನೆಗೊಮ್ಮೆ ಬಚ್ಚಲೂ ಎದ್ದಿತು. ಚಪ್ಪಡಿಯಿದ್ದ ನೆಲವನ್ನು ಅಗೆದೂ ನೋಡದೆ, ಮೇಲೆಯೇ ಸಿಮೆಂಟಿನ ಗಿಲಾಯಿ ಮಾಡಿ ಟೈಲ್ಸ್ ಅಂಟಿಸಿದರು. ಬಾಗಿಲಿಗೆ ಒಳಗಿನಿಂದ ಹೊಸ ಚಿಲಕ ಹಾಕಿದ್ದರು. ಅದೊಂದು ಸರಿಯಾಗಿತ್ತು. ಸೋಮವಾರ ಬೆಳಿಗ್ಗೆ ಅತ್ತೆ ಒಣ ಸೀರೆಯನ್ನು ಹೆಗಲಿಗೆ ಹಾಕಿಕೊಂಡು, ವಾಕರ್ ಊರುತ್ತ ಬಾಗಿಲ ತನಕ ಬಂದರು. ಅವರು ಬಿದ್ದಂದಿನಿಂದ ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಕಂಡಿರಲಿಲ್ಲ. ನನಗೆ, "ನೀ ಅಡಿಗಿಮನಿಗೆ ಹೋಗವಾ, ಇಲ್ಲಿ ನಿಂದೇನು ಕೆಲಸ?" ಎಂದರು.

ಒಳಗೆ ಹೋಗಬೇಕೆನ್ನುವಷ್ಟರಲ್ಲಿ ಭಾವ ಅಡ್ಡ ಬಂದರು. "ತಡಿಯವಾ, ಮೊದಲ ನಾ ತೋರಸ್ತೇನಿ." ತಾವು ಒಳಹೊಕ್ಕು ನಲ್ಲಿ ತಿರುಗಿಸಿದರು, ಅದರ ಬಗ್ಗೆ ಭಾಷಣ ಮಾಡಿದರು, ಬಕೆಟ್ ತುಂಬಿಸಿ ಸುರಿದರು. ಮುದುಕಿ ವಾಕರ್ ಮೇಲೆ ಭಾರ ಬಿಟ್ಟು ಕಾಯುತ್ತಿದ್ದರು. ಕೊನೆಗೆ ಹಿಮ್ಮಡಿಯಿಂದ ನೆಲವನ್ನು ಗುದ್ದಿ, "ಬಂಡಿ ಹಾಯಿಸಿದ್ರೂ ಏನಾಗಂಗಿಲ್ಲ ಇದಕ" ಎಂದರು.

ಕುಂಬಳಕಾಯಿ ಒಡೆದಂತೆ ಸಪ್ಪಳವಾಯಿತು. ನೋಡಿದರೆ ಭಾವ ಎದೆಯ ತನಕ ನೆಲದಲ್ಲಿ ಇಳಿದಿದ್ದರು. ಬಕೆಟ್ಟೂ ಅವರ ಜೊತೆ ಹೋಗಿತ್ತು. ಹಳೆಯ ಚಪ್ಪಡಿ ಮುರಿದಿತ್ತು; ಕೆಳಗಿನ ಮಣ್ಣು ವರ್ಷಗಳಿಂದ ಕುಸಿಯುತ್ತ ಬಂದು ಹಗೇವಿನ ಮೇಲರ್ಧ ಪೊಳ್ಳಾಗಿತ್ತು. ನನ್ನ ಯಜಮಾನರೂ ಎದುರು ಮನೆಯವರೂ ಸೇರಿ ಅವರನ್ನು ಎಳೆದು ತೆಗೆದರು. ಕಾಲು ಉಳುಕಿತ್ತು, ಅಷ್ಟೆ. ಅತ್ತೆ ಆ ತೂತನ್ನು ಒಂದು ಗಳಿಗೆ ನೋಡಿದರು. ವಾಕರ್ ಹಿಂದಕ್ಕೆ ತಿರುಗಿಸಿ ನನಗೆ, "ಪರದೆ ಕಟ್ಟವಾ" ಎಂದರು.

ಆ ಎರಡು ಶಬ್ದಕ್ಕಾಗಿ ನಾನು ಭಾವನವರನ್ನು ಎಂದೂ ಕ್ಷಮಿಸಲಿಲ್ಲ. ಆದರೂ ಲೆಕ್ಕಕ್ಕೆ ಬರುವ ಇನ್ನೊಂದು ಮಾತಿದೆ, ಬಿಡುವಂತಿಲ್ಲ. ಅವರಿಗೆ ಆ ಬಡಾಯಿ ಇಲ್ಲದಿದ್ದರೆ, ರಾಡ್ ಹಾಕಿದ ಸೊಂಟದ ಮುದುಕಿ ಒಳಗಿನಿಂದ ಚಿಲಕ ಹಾಕಿಕೊಂಡು ಆ ನೆಲದ ಮೇಲೆ ನಿಂತಿರುತ್ತಿದ್ದರು. ಜೀವಮಾನವಿಡೀ ಯಾರಿಗೂ ಬೇಡವಾಗಿದ್ದ ಗುಣ ಒಂದೇ ಒಂದು ಬೆಳಿಗ್ಗೆ ಉಪಯೋಗಕ್ಕೆ ಬಂತು. ಅದನ್ನಾದರೂ ಸುಮ್ಮನೆ ಬಿಟ್ಟರೇ? "ನನಗ ಸಂಶೆ ಇತ್ತು, ಅದಕ್ಕ ನಾ ಮುಂದ ಹೋದೆ" ಎಂದು ಕಾಲಿಗೆ ಪಟ್ಟಿ ಸುತ್ತಿಕೊಂಡು ಓಣಿಗೆಲ್ಲ ಹೇಳಿದರು.

ಗೌಂಡಿಯನ್ನು ನಾನೇ ಹೋಗಿ ಕರೆತಂದೆ. ಅವನು ಹಗೇವು ತುಂಬಿಸಿ, ಹೇಳಿದಷ್ಟೇ ದಿನಗಳಲ್ಲಿ ಹಿಂದಿನ ಅಂಕಣದಲ್ಲಿ ಬಚ್ಚಲು ಕಟ್ಟಿಕೊಟ್ಟ. ಮಾಡನ್ನು ಮಾತ್ರ ಮುಟ್ಟಲಿಲ್ಲ. ಭಾವ ಕುರ್ಚಿಯಲ್ಲಿ ಕುಳಿತು, "ನೆಲದ ಇಳಕಲಾ ಜಾಸ್ತಿ ಆತು" ಎಂದು ತಪ್ಪು ಹುಡುಕಿದರು. ಅತ್ತೆ ಒಳಗೆ ಹೋಗಿ ಚಿಲಕ ಹಾಕಿದ ಮೊದಲ ದಿನ ನಾನು ಅಡಿಗೆಮನೆಯಲ್ಲಿ ಸುಮ್ಮನೆ ನಿಂತು ನೀರಿನ ಸಪ್ಪಳ ಕೇಳಿದೆ.

ಭಾವ ಹೋದ ವರ್ಷ ಎದೆನೋವಿನಿಂದ ತೀರಿಕೊಂಡರು. ನಮ್ಮ ಪದ್ಧತಿಯಂತೆ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿದ್ದೆವು. ಬಂದವರೆಲ್ಲ, "ಸುಮ್ಮ ಕುಂದರೂ ಜೀವ ಅಲ್ಲರಿ ಅದು, ಏನರ ಮಾಡ್ಕೋತನ ಇರತಿತ್ತು" ಎಂದು ಹೊಗಳಿದರು. ನನಗೆ ಕಣ್ಣೀರು ಬರಲಿಲ್ಲ. ಅತ್ತೆಗೂ ಬರಲಿಲ್ಲ. "ಒಂದ ಕೆಲಸಾನೂ ನೆಟ್ಟಗ ಮಾಡ್ಲಿಲ್ಲ ನನ್ನ ಮಗಾ" ಎಂದು ನೆರೆದವರ ಎದುರೇ ಹೇಳಿದರು. ಹೆಂಗಸರು ಮುಖ ಮುಖ ನೋಡಿಕೊಂಡರು.

ಗಂಡಸರು ಮಣ್ಣಿಗೆ ಒಯ್ದ ಮೇಲೆ ಅತ್ತೆ ಜಳಕಕ್ಕೆ ಎದ್ದರು. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ನಲ್ಲಿಯನ್ನು ಪೂರ್ತಿ ಬಿಟ್ಟರು. ನೀರನ್ನು ಹಾಗೆಂದೂ ಬಿಟ್ಟವರಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಒಳಗೆ ತಂಬಿಗೆ ಎತ್ತಿದ ಸಪ್ಪಳವಿಲ್ಲ. ನೀರು ಬೀಳುವ ಸಪ್ಪಳದ ಅಡಿಯಲ್ಲಿ ತಡೆದು ತಡೆದು ಬರುವ ಇನ್ನೊಂದು ದನಿ ಇತ್ತು.

ಎದುರು ಮನೆಯವಳು ಗಾಬರಿಯಾಗಿ ಬಂದಳು. "ಮುದುಕಿ ಒಬ್ಬಾಕೀನ ಒಳಗ ಅದಾಳ್ರೀ. ಬಾಗಲಾ ಬಡೀರಿ."

ಅವಳು ಎತ್ತಿದ ಕೈಯನ್ನು ನಾನು ಹಿಡಿದುಕೊಂಡೆ.

"ಬ್ಯಾಡ್ರಿ" ಎಂದೆ. "ಅವರ ಜಳಕಾ ಆಗ್ಲಿ."