ತಡವಾಗಿ ಬಂದ ತಾಯಿ

ಕೆಲಗೇರಿಯ ಒಂದು ಅಂಗನವಾಡಿಯಲ್ಲಿ ಸಹಾಯಕಿಯಾಗಿರುವ ಗುಡ್ಡವ್ವನಿಗೆ ಮಂದಿಯ ಮಕ್ಕಳನ್ನು ಎತ್ತಿ ಎತ್ತಿ ಸೊಂಟ ಬಿದ್ದುಹೋಗಿದೆ. ಬಾಗಿಲು ಹಾಕುವ ಹೊತ್ತಿಗೆ ಯಾವುದಾದರೂ ಒಂದು ಕೂಸು ಉಳಿದೇ ಇರುತ್ತದೆ. ಅದರ ತಾಯಿ ಇನ್ನೂ ಯಾರದೋ ಮನೆಯ ಪಾತ್ರೆ ತಿಕ್ಕುತ್ತಿರುತ್ತಾಳೆ, ಪಾಪ. ಗುಡ್ಡವ್ವ ಹೊಸ್ತಿಲಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾಳೆ. ಅದು ಮುಗಿಯುವುದರೊಳಗೆ ತಾಯಿ ಬಂದರೆ ಸರಿ, ಇಲ್ಲದಿದ್ದರೆ ಕೂಸನ್ನು ಬಗಲಿಗೇರಿಸಿಕೊಂಡು ತನ್ನ ಮನೆಗೆ ನಡೆಯುವುದು ಅವಳ ಪದ್ಧತಿ. ಆಮೇಲೆ ಓಡಿಬಂದವಳಿಗೆ ಬೈಗುಳದ ಮಂಗಳಾರತಿ. ಹಡೆಯುವಾಗಿನ ಅವಸರ ಒಯ್ಯುವಾಗ ಯಾಕಿಲ್ಲ ಎಂದು ಕೇಳುತ್ತಾಳೆ.

ಕಳೆದ ಬೇಸಿಗೆಯಲ್ಲಿ ಎಮ್ಮೆಗೆ ಹುಲ್ಲು ಕೊಯ್ಯಲು ಕೆರೆಯ ದಂಡೆಗೆ ಹೋದವಳಿಗೆ ಜೊಂಡಿನ ನಡುವೆ ಎರಡು ಮರಿಗಳು ಕಂಡವು. ಬೇಡವಾದ ಬೆಕ್ಕಿನ ಮರಿಗಳನ್ನು ಜನ ಅಲ್ಲಿ ತಂದು ಬಿಡುವುದುಂಟು. ಅಲ್ಲ, ದಣಿದ ಜೀವಕ್ಕೆ ಊರ ಉಸಾಬರಿ ಯಾಕೆ ಬೇಕಿತ್ತು! ಇವೂ ನನ್ನ ಕೊರಳಿಗೇ ಬಂದವೇ ಎಂದು ಗೊಣಗುತ್ತ ಪಕ್ಕದಲ್ಲೇ ಕೂತು ಎಲೆಯಡಿಕೆ ಹಾಕಿಕೊಂಡಳು. ತಾಯಿ ಬರಲಿಲ್ಲ. ಎರಡನ್ನೂ ಉಡಿಯಲ್ಲಿ ಹಾಕಿಕೊಂಡು ಮನೆಗೆ ನಡೆದಳು.

ಬಟ್ಟೆಯ ಬತ್ತಿ ಅದ್ದಿ ಎಮ್ಮೆಯ ಹಾಲು ಕುಡಿಸಿದಳು. ಬೆಳಗಾದರೆ ಒಂದು ಮರಿ ಹೊಟ್ಟೆ ಉಬ್ಬಿ ಬಿದ್ದುಕೊಂಡಿತ್ತು. ಅಂಗನವಾಡಿಗೆ ಒಯ್ದು ತೋರಿಸಿದರೆ ಟೀಚರ್ ನೀಲಾ ನೋಡಿದವಳೇ, ಇವು ಮನೆಬೆಕ್ಕಲ್ಲ, ಕಾಡುಬೆಕ್ಕಿನ ಮರಿಗಳು ಎಂದಳು. ತಾಯಿ ಹಗಲು ಹೊತ್ತಿನಲ್ಲೇ ಇಲಿ ಹಿಡಿಯಲು ಹೋಗುತ್ತದಂತೆ. ಮನುಷ್ಯರು ಹತ್ತಿರವಿದ್ದರೆ ಮರಿಗಳ ಬಳಿ ಸುಳಿಯುವುದಿಲ್ಲವಂತೆ. ಗುಡ್ಡವ್ವ ಬಿದ್ದುಕೊಂಡ ಮರಿಯ ಹೊಟ್ಟೆ ನೀವತೊಡಗಿದಳು. ತಾನು ಕಾಯುತ್ತ ಕೂತಷ್ಟು ಹೊತ್ತೂ ಅದು ಜೊಂಡಿನೊಳಗೇ ನಿಂತಿತ್ತೇನೋ.

ಮಧ್ಯಾಹ್ನ ಇಬ್ಬರೂ ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊರಟರು. ಕೆರೆ ಮುಟ್ಟುವುದರೊಳಗೆ ಉಬ್ಬಿದ ಮರಿಯ ಉಸಿರು ನಿಂತಿತು. ಅದನ್ನು ಮಣ್ಣು ಮಾಡೋಣ ಎಂದಳು ನೀಲಾ.

"ಬ್ಯಾಡ್ರಿ. ಎರಡೂ ಅಕೀವು, ಎರಡೂ ಇಡೂಣು."

ಅದೇ ಜಾಗದಲ್ಲಿಟ್ಟು, ದೂರದ ಏರಿಯ ಮೇಲೆ ಕೂತರು. ಇನ್ನು ತಾಯಿ ಬರುತ್ತದೋ ಇಲ್ಲವೋ ಎಂದು ಗುಡ್ಡವ್ವ ಜೊಂಡನ್ನೇ ನೋಡುತ್ತಿದ್ದಳು.

ಬಿಸಿಲು ಇಳಿಯುವಾಗ ಬಂತು. ಮನೆಬೆಕ್ಕಿಗಿಂತ ಎಷ್ಟೋ ದೊಡ್ಡದು. ಉದ್ದನೆಯ ಕಾಲು, ಒಣಹುಲ್ಲಿನ ಬಣ್ಣದ ಮೈ, ಗಿಡ್ಡ ಬಾಲದ ತುದಿಗೆ ಕರಿ ಬಳೆಗಳು, ಕೆಂಪು ಕಿವಿಯ ತುದಿಗೆ ಒಂದಿಷ್ಟು ಕರಿ ಕೂದಲು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಹುಡುಕಿ ಹುಡುಕಿ ಹಣ್ಣಾದಂತೆ ಕಾಲೆಳೆಯುತ್ತಿತ್ತು. ಬದುಕಿದ ಮರಿಯ ಕುತ್ತಿಗೆ ಕಚ್ಚಿಕೊಂಡು ಹೋಯಿತು. ಗುಡ್ಡವ್ವ ಹೋದ ಜೀವ ಬಂದಂತಾಗಿ ಏಳಲು ನೋಡಿದಳು.

ಅಷ್ಟರಲ್ಲಿ ಅದು ತಿರುಗಿ ಬಂತು. ಸತ್ತ ಮರಿಯನ್ನು ನೆಕ್ಕಿತು, ಮೂಗಿನಿಂದ ದೂಡಿತು, ಏಳಲಿ ಎಂದು ಪಕ್ಕದಲ್ಲಿ ಕೂತಿತು. ಕೊನೆಗೆ ಅದನ್ನೂ ಕಚ್ಚಿಕೊಂಡು ಜೊಂಡಿನೊಳಗೆ ಹೋಯಿತು.

ನೀಲಾ ಸಮಾಧಾನ ಹೇಳಬಂದರೆ ಗುಡ್ಡವ್ವ ಕೈ ಅಡ್ಡ ಹಿಡಿದಳು.

"ಅಕೀಗೆ ತಡಾ ಆಗಿತ್ತಷ್ಟರಿ, ಬಿಟ್ಟು ಹೋಗಿದ್ದಿಲ್ಲ. ಕೂಸು ಕಳವು ಮಾಡಿದಾಕಿ ನಾನು."