ನಾನು ಕೂತಲ್ಲೇ ಸುರಿಸಿದ ಹನ್ನೊಂದು ದಿನದ ಮಳೆ

ಮೆಣಸೆಯಲ್ಲಿ ನನ್ನ ಸೋದರತ್ತೆ ನಲವತ್ತು ವರ್ಷ ಮಳೆ ಅಳೆದಳು. ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟುಗಳಲ್ಲಿ ಪುಸ್ತಕಕ್ಕೆ ಏರಿಸುವಳು. ಮಳೆ ಬಾರದ ದಿನ ಸೊನ್ನೆ. ದೇವರಿಗೆ ದೀಪ ಹಚ್ಚಲು ಮರೆತದ್ದುಂಟು, ಸೊನ್ನೆ ಬರೆಯಲು ಮರೆತದ್ದಿಲ್ಲ.

ಎರಡು ಸಾವಿರದ ದಶಕದ ನಡುವೆ ಒಂದು ಫೆಬ್ರವರಿಯಲ್ಲಿ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಬಂದಳು. ಹಡಗು, ಬಲೂನು, ಊರೂರಿನ ಕಚೇರಿಗಳಲ್ಲಿ ಹಿಂದೆ ಬರೆದಿಟ್ಟ ಗಾಳಿ, ಶಾಖ, ಒತ್ತಡವನ್ನೆಲ್ಲ ಹವಾಮಾನದ ಮಾದರಿಯೊಳಗೆ ಸೇರಿಸಿ, ಕಳೆದುಹೋದ ಒಂದೊಂದು ದಿನದ ಹವೆಯನ್ನೂ ಕಂಪ್ಯೂಟರು ಇಡೀ ಭೂಮಿಗೆ ಮತ್ತೆ ಲೆಕ್ಕ ಹಾಕಿದೆಯಂತೆ. ಅದು ನಮ್ಮ ಕಡೆಗೆ ಎಷ್ಟು ಸರಿ ಎಂದು ನೋಡಲು ಅತ್ತೆಯ ಪುಸ್ತಕ ಬೇಕಿತ್ತು. ಪರದೆಯ ಮೇಲೆ ಭೂಮಿ ಚೌಕ ಚೌಕವಾಗಿತ್ತು. ಘಟ್ಟದ ಮೇಲಿನ ಮೆಣಸೆಯೂ ಕಡಲ ತೀರದ ಮಂಗಳೂರೂ ಒಂದೇ ಚೌಕದಲ್ಲಿದ್ದವು.

"ಘಟ್ಟ ಎಲ್ಲಿ ಹೋಯ್ತು ಕೂಸೇ?" ಎಂದಳು ಅತ್ತೆ.

"ತಗ್ಗಾಗಿ ಹೋಗಿದೆ ಅಮ್ಮಾ. ಇದಕ್ಕೆ ಅಷ್ಟು ಸೂಕ್ಷ್ಮ ಕಾಣಲ್ಲ."

"ಒಳ್ಳೇದಾಯ್ತು ಬಿಡು. ಬಸ್ಸಲ್ಲಿ ವಾಂತಿ ಮಾಡೋದು ತಪ್ತು."

ಎರಡನೆಯ ದಿನ ಮಧ್ಯಾಹ್ನ ಹುಡುಗಿಯ ಬೆರಳು ಹಳೆಯದೊಂದು ಜುಲೈಯ ಮೇಲೆ ನಿಂತಿತು. ಕಂಪ್ಯೂಟರಿನ ಪ್ರಕಾರ ಅಲ್ಲಿ ಎರಡು ದಿನ ಭಾರಿ ಮಳೆ, ಆಮೇಲೆ ಮಳೆ ನಿಂತು ಹೊಳವು. ಹತ್ತಿರದ ನೆಮ್ಮಾರಿನ ತೋಟವೊಂದರ ಮಳೆಯ ಪುಸ್ತಕವೂ ಹಾಗೇ ಹೇಳುತ್ತಿತ್ತು. ಅತ್ತೆಯ ಪುಸ್ತಕದಲ್ಲಿ ಮಾತ್ರ ಹನ್ನೊಂದು ದಿನವೂ ಒಂದೂವರೆ ಇಂಚಿನ ಆಚೀಚೆ.

"ಅಂದಾಜಿಗೆ ಬರೆದ ಹಾಗಿದೆ ಅಮ್ಮಾ. ಇಲ್ಲಿ ಹೀಗಿದ್ರೆ ಬೇರೆ ಕಡೆನೂ ಇರಬಹುದು. ಪುಸ್ತಕಾನ ಪೂರ್ತಿ ಬಿಡಬೇಕಾಗತ್ತೆ."

ಅತ್ತೆ ಕೂರಲು ಕುರ್ಚಿಗೆ ಕೈ ಚಾಚಿದಳು. ಕುರ್ಚಿ ಒಂದು ಅಡಿ ಆಚೆಗಿತ್ತು.

ಆ ಜುಲೈಯಲ್ಲಿ ಅತ್ತೆ ಮಗಳ ಹೆರಿಗೆಗೆಂದು ಬಾಳೆಹೊನ್ನೂರಿಗೆ ಹೋಗಿದ್ದಳು. ಅಳೆಯುವ ಕೆಲಸ ನನ್ನದಾಗಿತ್ತು. ನನಗಾಗ ಇಪ್ಪತ್ತಾರು ವರ್ಷ. ರಕ್ತ ಹೀರುವ ಇಂಬಳ ಕಾಲಿಗೆ ಹತ್ತುತ್ತದೆಂದು ಹತ್ತು ದಿನ ಮಾಪಕದ ಹತ್ತಿರ ಸುಳಿಯಲಿಲ್ಲ. ಹನ್ನೊಂದನೆಯ ದಿನ ಪಾತ್ರೆಯ ಕಂಠದವರೆಗೆ ನಿಂತಿದ್ದ ನೀರನ್ನು ಅಳೆದು, ಹನ್ನೊಂದರಿಂದ ಭಾಗಿಸಿ, ಅನುಮಾನ ಬಾರದಂತೆ ಇಲ್ಲಿ ಹತ್ತು ಸೆಂಟು ಕೂಡಿಸಿ, ಅಲ್ಲಿ ಹತ್ತು ಕಳೆದು ಚೀಟಿ ಬರೆದಿಟ್ಟೆ. ಬಿಸಿಲು ಬಿದ್ದ ದಿನಗಳಿಗೂ ನನ್ನ ಕೃಪೆಯಿಂದ ಮಳೆಯಾಯಿತು. ಅತ್ತೆ ವಾಪಸು ಬಂದು ಅದನ್ನು ತನ್ನ ಕೈಯಾರೆ ಪುಸ್ತಕಕ್ಕೆ ಏರಿಸಿದ್ದರಿಂದ ನನ್ನ ಅಕ್ಷರ ಎಲ್ಲೂ ಇರಲಿಲ್ಲ. ನಾನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಅವರ ಪಕ್ಕದಲ್ಲೇ ಕೂತಿದ್ದ ನಾನು ಕಾಫಿ ಮುಗಿದ ಮೇಲೂ ಎರಡು ಸಲ ಲೋಟ ಎತ್ತಿ ಕುಡಿದೆ.

"ಆ ಹನ್ನೊಂದು ದಿನದ್ದು ನಂದು," ಎಂದೆ.

"ಅಳೆದದ್ದಾ, ಬರೆದದ್ದಾ?" ಅತ್ತೆ ಕೇಳಿದಳು.

"ಬರೆದದ್ದು."

"ಎಂತ ಮಾರಾಯ, ನಿಂಗೆ ವರುಣನ ಪಟ್ಟ ಕಟ್ಟಿದ್ದು ಯಾರು?"

ಹುಡುಗಿ ನಕ್ಕಳು. ನಾನು ನಗಲಿಲ್ಲ. ಹನ್ನೊಂದು ದಿನ 'ಅಳೆದಿಲ್ಲ' ಎಂದು ಗುರುತು ಹಾಕಿದರೆ ಸಾಕು, ಉಳಿದದ್ದನ್ನು ತೆಗೆದುಕೊಳ್ಳುತ್ತೇನೆ ಎಂದಳು ಹುಡುಗಿ. ಅತ್ತೆ ಕೆಂಪು ಪೆನ್ನು ಕೇಳಿ ಪಡೆದು, ಒಂದೊಂದೇ ಸಾಲನ್ನು ಹೊಡೆದುಹಾಕತೊಡಗಿದಳು. ಭಾರಿ ಮಳೆಯ ಆ ಎರಡು ದಿನಗಳಿಗೆ ಬಂದಾಗ ಪೆನ್ನು ನಿಂತಿತು.

"ಈ ಎರಡು ದಿನ ಬಾಳೆಹೊನ್ನೂರಲ್ಲಿ ಬಸ್ಸೇ ಬಿಡ್ಲಿಲ್ಲ. ಅಂಥ ಮಳೆ. ನಿನ್ನ ಚೀಟಿ ನೋಡಿ, ಮೆಣಸೇಲಿ ಅಷ್ಟು ಬರ್ಲಿಲ್ವೇನೋ ಅಂದ್ಕೊಂಡು ಬರ್ಕೊಂಡೆ," ಎಂದಳು. ನಂತರ ಆ ಎರಡು ಸಾಲುಗಳನ್ನೂ ಹೊಡೆದುಹಾಕಿದಳು.