ಜೋಳದ ಹೊಲದಲ್ಲಿ ದೊಡ್ಡಮ್ಮನ ಪಿಯಾನೋ

ಲಕ್ವಾ ಹೊಡೆದು ಎಡಗೈ ಬಿದ್ದುಹೋದ ಮೇಲೆ ನಮ್ಮ ದೊಡ್ಡಮ್ಮ ನನ್ನನ್ನು ಬೇಡಿದ್ದು ಒಂದನ್ನೇ. ಬೂದಿಕೋಟೆಯಲ್ಲಿ ಅವಳ ತಮ್ಮನ, ಅಂದರೆ ನನ್ನ ಮಾವನ, ಮನೆಯಲ್ಲಿಟ್ಟಿದ್ದ ತನ್ನ ಕ್ಯಾಸೆಟ್ಟುಗಳನ್ನು ತಂದುಕೊಡಬೇಕಂತೆ.

"ನನ್ನ ಎಡಗೈ ಒಂದ್ಸಲ ಕೇಳ್ಬೇಕು ಕಣೇ," ಅಂದಳು.

ಅಮ್ಮನ ಅಕ್ಕ ಅವಳು. ಚಿನ್ನದ ಗಣಿಯ ಊರಿಗಾಂನಲ್ಲಿ, ಗಣಿ ಕೂಲಿಯವರ ಲೈನ್ ಮನೆಯಲ್ಲಿ ಬೆಳೆದವಳು. ಅಜ್ಜಿ ಪಾತ್ರೆ ತಿಕ್ಕುತ್ತಿದ್ದ ಬಂಗಲೆಯ ದೊರೆಸಾನಿ ಈ ಹುಡುಗಿಯನ್ನು ಪಿಯಾನೋ ಮುಂದೆ ಕೂರಿಸಿದಳಂತೆ. ಆಮೇಲೆ ಎಬ್ಬಿಸೋರು ಯಾರು? ಬೆಂಗಳೂರಿನ ಹೋಟೆಲುಗಳಲ್ಲಿ ಗಂಡಸರ ಬ್ಯಾಂಡಿನ ನಡುವೆ ಕೂತು ಜಾಝ್ ಬಾರಿಸಿದಳು. ನಮ್ಮ ಸೀಮೆಯಲ್ಲಿ ಅವಳಿಗಿಂತ ಮೊದಲು ಯಾವ ಹೆಂಗಸೂ ಅದನ್ನು ಮಾಡಿರಲಿಲ್ಲ. ನೆಂಟರು ಮಾತ್ರ ಮದುವೆಮನೆಗಳಲ್ಲಿ ಅವಳನ್ನು "ಹೋಟೆಲ್ ಕೆಲಸದೋಳು" ಅಂದೇ ಪರಿಚಯಿಸುತ್ತಿದ್ದರು. ಅವರ ನಾಲಿಗೆ ಸೇದಿಹೋಗಲಿ.

ಅವಳ ಹೆಸರಿನಲ್ಲಿ ಒಂದು ರೆಕಾರ್ಡೂ ಹೊರಬರಲಿಲ್ಲ. ಡ್ರಮ್ಸ್ ಬಾರಿಸುತ್ತಿದ್ದ ಜೊತೆಗಾರರೊಬ್ಬರು ಟೇಪ್ ರೆಕಾರ್ಡರನ್ನು ಪಿಯಾನೋ ಮೇಲಿಟ್ಟು ತುಂಬಿಸಿಕೊಟ್ಟಿದ್ದ ಕ್ಯಾಸೆಟ್ಟುಗಳಷ್ಟೇ ಉಳಿದಿದ್ದವು. ಚಿಕ್ಕಂದಿನಲ್ಲಿ ನಾನೂ ಕೇಳಿದ್ದೆ. ಚರ್ಚಿನ ಹಾಡೊಂದು ಮೆಲ್ಲಗೆ ಶುರುವಾಗಿ, ನಾಗಸ್ವರದವರ ಕಲ್ಯಾಣಿಗೆ ಹೊರಳಿ, ಕೂತವರ ಕಾಲು ನಿಲ್ಲದಂಥ ಕುಣಿತಕ್ಕೆ ಇಳಿಯುತ್ತಿತ್ತು. ಒಂದರ ತುಂಬ ಬರೀ ಬ್ಲೂಸ್, ಕೇಳಿದರೆ ಅಳು ಬರುತ್ತಿತ್ತು. ಇನ್ನೊಂದರಲ್ಲಿ ಅಜ್ಜಿಯ ರಾಗಿ ಬೀಸುವ ಪದ: ಬಲಗೈಯಲ್ಲಿ ಪದ, ಎಡಗೈಯ ಕೆಳಗಿನ ಸ್ವರಗಳಲ್ಲಿ ಬೀಸುಕಲ್ಲಿನ ಗುರುಗುರು. ಆ ಎಡಗೈ ಅವಳಿಗೆ ಬೇಕಾಗಿತ್ತು.

ಲೈನ್ ಮನೆ ಸೋರುತ್ತದೆ, ತಮ್ಮನ ಅಟ್ಟವಾದರೆ ಬೆಚ್ಚಗಿರುತ್ತದೆ ಅಂತ ಅವಳೇ ಅಲ್ಲಿ ಇಟ್ಟು ಬಂದಿದ್ದಳು.

ಬಂಗಾರಪೇಟೆಯಿಂದ ಬಸ್ಸಿನಲ್ಲಿ ಹೋದೆ. ಮಾವನ ಹೊಲ ರಸ್ತೆಗೇ ಅಂಟಿಕೊಂಡಿದೆ. ಜೋಳ ಹಾಲುಗಟ್ಟಿತ್ತು. ನಮ್ಮ ಕಡೆ ಗಿಣಿ ಓಡಿಸೋಕೆ ಹಳೇ ಕ್ಯಾಸೆಟ್ಟಿನ ಟೇಪನ್ನು ಗೂಟದಿಂದ ಗೂಟಕ್ಕೆ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್ ಅನ್ನುತ್ತದೆ, ಗಿಣಿ ಹತ್ತಿರ ಬರೋದಿಲ್ಲ. ಮಾವನ ಹೊಲದ ಸುತ್ತ ಆ ಕಪ್ಪು ಟೇಪು ಮಿಂಚುತ್ತಿತ್ತು. ಬಸ್ಸಿನಿಂದ ಇಳಿದವಳೇ ಮನೆಗೆ ಓಡಿದೆ.

ಮನೆಯೊಳಗೆ ಕ್ಯಾಸೆಟ್ಟುಗಳ ಖಾಲಿ ಡಬ್ಬಿಗಳನ್ನು ದೇವರ ಗೂಡಿನ ಪಕ್ಕ ಜೋಡಿಸಿದ್ದರು. ಅವುಗಳ ಮೇಲೆ ಆ ಜೊತೆಗಾರರು ದೊಡ್ಡಮ್ಮನ ಫೋಟೋ ಅಂಟಿಸಿದ್ದರು, ಅದಕ್ಕೆ. ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂತೆ ಬೈದೆ. ದೊಡ್ಡಮ್ಮನಿಗೆ ಲಕ್ವಾ ಹೊಡೆಯುವುದಕ್ಕೂ ಮುಂಚೆ, ಹಿಂದಿನ ಬೆಳೆಗೇ ಟೇಪು ಕಟ್ಟಿದ್ದನಂತೆ ಮಾವ. ಬೈಗುಳವನ್ನೆಲ್ಲ ಕೇಳಿಸಿಕೊಂಡು, ನಿಧಾನಕ್ಕೆ ಹೇಳಿದ:

"ಅಕ್ಕ ಇದಾಳಲ್ಲ, ಬೇಕಂದ್ರೆ ಇನ್ನೊಂದ್ಸಲ ಬಾರಿಸ್ತಾಳೆ ಅನ್ಕಂಡೆ ಕಣಮ್ಮ. ಬೀಸೋ ಪದಾನ ಯಾರಾನ ಎತ್ತಿಕ್ತಾರಾ?"

ಬೀಸುಕಲ್ಲು ತಿರುಗಿದಾಗಲೆಲ್ಲ ಹೊಸದಾಗಿ ಹಾಡಿಕೊಂಡ ಮನೆ ಅದು. ಹಾಡುವವಳು ಇರುವಾಗ ಹಾಡನ್ನು ಅಟ್ಟದಲ್ಲಿಟ್ಟು ಕಾಯುವುದು ಅವರಿಗೆ ಗೊತ್ತೇ ಇರಲಿಲ್ಲ. ಮಾವನ ಕಣ್ಣಲ್ಲಿ ನೀರು ಬಂತು, ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ.

ಇಬ್ಬರೂ ಸೇರಿ, ಗಾಳಿಗೆ ಗುಂಯ್ ಅನ್ನುತ್ತಿದ್ದ ಟೇಪನ್ನು ಸಿಕ್ಕಷ್ಟು ಬಿಚ್ಚಿ ಸುತ್ತಿಕೊಂಡೆವು. ಬಂಗಾರಪೇಟೆಯ ರೇಡಿಯೋ ರಿಪೇರಿಯವರು ಒಂದಿಷ್ಟನ್ನು ಒರೆಸಿ, ಅಂಟಿಸಿ, ಹಾಕಿ ನೋಡಿದರು. ಬಿಸಿಲು ಮಳೆ ಎರಡನ್ನೂ ತಿಂದ ಟೇಪು. ಬರೀ ಸುಯ್ ಅನ್ನುವ ಸದ್ದು ಬಂತು. ಕಾಸು ಬೇಡ ಅಂದು, ಸುರುಳಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು.

ಸುಳ್ಳು ಹೇಳೋಣ ಅಂದುಕೊಂಡೇ ಊರಿಗಾಂಗೆ ಬಂದೆ. ಅವಳ ಮುಖ ನೋಡಿದ ಮೇಲೆ ಆಗಲಿಲ್ಲ, ಎಲ್ಲ ಹೇಳಿಬಿಟ್ಟೆ. ದೊಡ್ಡಮ್ಮ ಅಳಲಿಲ್ಲ, ತಮ್ಮನನ್ನು ಬೈಯಲೂ ಇಲ್ಲ. ಸುರುಳಿಯನ್ನು ಬಲಗೈಯಲ್ಲಿ ತಗೊಂಡು ಬೆರಳಿಂದ ಸವರುತ್ತಾ ಕೂತಳು. ಆಮೇಲೆ ಕೇಳಿದಳು:

"ಗಾಳಿ ಬಂದಾಗ ಗುಂಯ್ ಅಂತಿತ್ತು ಅಂದ್ಯಲ್ಲ, ಮೇಲಿನ ಸ್ವರಾನಾ, ಕೆಳಗಿಂದಾ?"

"ಕೆಳಗಿಂದೇ ದೊಡ್ಡಮ್ಮ. ಗುರುಗುರು ಅಂತಿತ್ತು."

"ಅಂಗಾದ್ರೆ ನನ್ನ ಎಡಗೈದೇ. ನೀನು ಬಿಚ್ಕಂಡು ಬರಬಾರ್ದಿತ್ತು."

ಸುರುಳಿಯನ್ನು ನನ್ನ ಮಡಿಲಿಗಿಟ್ಟು, ಸತ್ತ ಕೈಯನ್ನು ಬಲಗೈಯಿಂದ ಎತ್ತಿಕೊಂಡು, ಗೋಡೆ ಕಡೆ ತಿರುಗಿ ಮಲಗಿದಳು. ಅವತ್ತು ಅವಳು ಊಟ ಮಾಡಲಿಲ್ಲ.